ಟ್ರೇಸಿ ಚಾಪ್ಮನ್ ಅವರ ‘ಫಾಸ್ಟ್ ಕಾರ್’

ಅಮೆರಿಕದ ಗಾಯಕಿ ಮತ್ತು ಗೀತರಚನಕಾರ್ತಿ ಟ್ರೇಸಿ ಚಾಪ್ಮನ್ ಅವರ ‘ಫಾಸ್ಟ್ ಕಾರ್’ 1988ರಲ್ಲಿ ಸಿಂಗಲ್ ಆಗಿ, ಎಂದರೆ ಆಲ್ಬಮ್ಮಿನಿಂದ ಬಿಡಿಯಾಗಿ ಹೊರತರುವ ಹಾಡಾಗಿ, ಬಿಡುಗಡೆಯಾಯಿತು. ಕುಡುಕ ತಂದೆಯ ಆರೈಕೆಗಾಗಿ ಶಾಲೆ ಬಿಟ್ಟು, ಬಡತನದಿಂದ ಪಾರಾಗಲು ಹಂಬಲಿಸುವ ಹೆಣ್ಣೊಬ್ಬಳ ಬದುಕನ್ನು ಗಿಟಾರಿನ ಸರಳ ನಾದದ ಮೇಲೆ ನಿರೂಪಿಸುವ ಈ ಹಾಡು, ಸಿಂಥಸೈಜರ್‌ಗಳ ಅಬ್ಬರದ ಆ ದಶಕದಲ್ಲಿ ನಿಜಕ್ಕೂ ಅಪರೂಪದ್ದಾಗಿತ್ತು. ಅದೇ ವರ್ಷ ಜೂನ್ 11ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರ 70ನೆಯ ಹುಟ್ಟುಹಬ್ಬದ ನಿಮಿತ್ತ ನಡೆದ ಸಂಗೀತ ಕಾರ್ಯಕ್ರಮದಲ್ಲಿ, ಗಾಯಕ ಸ್ಟೀವಿ ವಂಡರ್ ಅವರ ವಾದ್ಯಸಲಕರಣೆಯ ತೊಡಕಿನಿಂದ ತೆರವಾದ ವೇಳೆಯನ್ನು ತುಂಬಲು ಚಾಪ್ಮನ್ ಮತ್ತೆ ವೇದಿಕೆಗೆ ಬಂದು ಒಬ್ಬರೇ ಇದನ್ನು ಹಾಡಿದಾಗ, ಟಿ.ವಿ. ಪ್ರಸಾರದ ಮೂಲಕ ಅದು ಹಲವು ದೇಶಗಳ ಕೇಳುಗರನ್ನು ಮುಟ್ಟಿತು. ಮುಂದೆ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತಾ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೇರಿತು. 2023ರಲ್ಲಿ ಅಮೆರಿಕದ ಕಂಟ್ರಿ ಶೈಲಿಯ ಗಾಯಕ ಲ್ಯೂಕ್ ಕೂಂಬ್ಸ್ ಇದನ್ನು ಮತ್ತೆ ಹಾಡಿದ ಬಳಿಕ, ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಗೀತೆ ಪ್ರಶಸ್ತಿ ಪಡೆದ ಮೊದಲ ಕಪ್ಪು ಗೀತರಚನಕಾರ್ತಿ ಎಂಬ ಮನ್ನಣೆ, ತೀರ ತಡವಾಗಿ, ಚಾಪ್ಮನ್ ಅವರಿಗೆ ಸಂದಿತು.