ಫಿರಂಗಿಯ ಯಂತ್ರ ಬಿಡಿಸಿದ ಚಿತ್ತಾರ

ಟಿ.ವಿ.ಯಲ್ಲಿ ವಾರ್ತೆ ಆರಂಭವಾಗುವ ಮುನ್ನ ಅಕ್ಷರಗಳು ಸುತ್ತುತ್ತ ಬಂದು ನಿಲ್ಲುವುದನ್ನು, ಬೆಳಕಿನ ಬಳೆಗಳು ಅರಳಿ ಮರೆಯಾಗುವುದನ್ನು ನೀವು ನೋಡಿದ್ದೀರಿ. ಇದೇ ‘ಮೋಷನ್ ಗ್ರಾಫಿಕ್ಸ್’, ಅಂದರೆ ಚಲಿಸುವ ವಿನ್ಯಾಸ. ಇದು ಡಿಜಿಟಲ್ ಕಂಪ್ಯೂಟರಿನ ಕೂಸು ಎಂದು ಹಲವರ ಭಾವನೆ. ಆದರೆ ಇದರ ಬೇರು ಹುಡುಕುತ್ತ ಹೋದರೆ ಎರಡು ಶ್ರುತಿಕವೆಗಳೂ ವಿಮಾನ ಹೊಡೆದುರುಳಿಸಲು ರಚಿಸಿದ ಒಂದು ಯಂತ್ರವೂ ಎದುರಾಗುತ್ತವೆ!

ಮೊದಲು ಶ್ರುತಿಕವೆಯ ಕಥೆ. 1857ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಜೂಲ್ಸ್ ಲಿಸಾಜೂ ಎರಡು ಶ್ರುತಿಕವೆಗಳಿಗೆ ಪುಟ್ಟ ಕನ್ನಡಿಗಳನ್ನು ಅಂಟಿಸಿದ. ಒಂದು ಅಡ್ಡಲಾಗಿ, ಇನ್ನೊಂದು ಲಂಬವಾಗಿ ಕಂಪಿಸುವಂತೆ ಇಟ್ಟ. ಎರಡೂ ಕನ್ನಡಿಗಳಿಂದ ಪ್ರತಿಫಲಿಸಿದ ಬೆಳಕು ತೆರೆಯ ಮೇಲೆ ಸುಂದರ ವಕ್ರರೇಖೆಗಳನ್ನು ಮೂಡಿಸಿತು. ಆವೃತ್ತಿಗಳು ಸಮವಾಗಿದ್ದರೆ ಸರಳರೇಖೆ, ವೃತ್ತ ಅಥವಾ ದೀರ್ಘವೃತ್ತ. ಒಂದು ಇನ್ನೊಂದರ ಎರಡರಷ್ಟಿದ್ದರೆ 8ರಂಥ ಆಕೃತಿ. ಅನುಪಾತ ತುಸುವೇ ತಪ್ಪಿದರೆ ಚಿತ್ರ ನಿಲ್ಲದೆ ನಿಧಾನವಾಗಿ ಹೊರಳುತ್ತದೆ. ಎರಡು ಸರಳ ಸಂಗತ ಚಲನೆಗಳು ಕೂಡಿದರೆ ಇಷ್ಟೆಲ್ಲ ಸಾಧ್ಯ.

ಇನ್ನು ಆ ಯಂತ್ರ. ಹಾರುವ ವಿಮಾನಕ್ಕೆ ನೇರವಾಗಿ ಗುರಿಯಿಟ್ಟರೆ ಗುಂಡು ಅಲ್ಲಿಗೆ ತಲಪುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಆದ್ದರಿಂದ ಅದು ಮುಂದೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಎಂ-5 ಯಂತ್ರ ಈ ಲೆಕ್ಕವನ್ನು ಹಲ್ಲುಚಕ್ರ, ದಂಡಗಳಂಥ ಚಲಿಸುವ ಭಾಗಗಳಿಂದಲೇ ಮಾಡುತ್ತಿತ್ತು. ಅದೊಂದು ಅನಲಾಗ್ ಕಂಪ್ಯೂಟರ್.

ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆಯಲ್ಲಿ ದುಡಿದ ಜಾನ್ ವಿಟ್ನಿ (1917–1995) ಎಂಬ ಚಲನಚಿತ್ರ ಕಲಾವಿದನಿಗೆ ಇಂಥ ಯಂತ್ರಗಳ ಪರಿಚಯವಾಗಿತ್ತು. ಮುಂದೆ, ಸೇನೆಗೆ ಬೇಡವಾಗಿ ಮಾರಾಟಕ್ಕೆ ಬಂದ ಎಂ-5 ಒಂದನ್ನು ಆತ ಕೊಂಡುಕೊಂಡ. ಫಿರಂಗಿಗೆ ದಿಕ್ಕು ತೋರುತ್ತಿದ್ದ ಚಕ್ರಗಳು ಈಗ ಚಿತ್ರದ ಹಲಗೆಯನ್ನು ತಿರುಗಿಸತೊಡಗಿದವು. ಪ್ರತಿ ಚೌಕಟ್ಟಿಗೂ ಹಲಗೆ ಸ್ವಲ್ಪಸ್ವಲ್ಪವೇ ಸರಿಯುವಂತೆ ಮಾಡಿ ಕ್ಯಾಮೆರಾದಲ್ಲಿ ಸೆರೆಹಿಡಿದ.

1958ರಲ್ಲಿ ಬಂದ ಹಿಚ್‌ಕಾಕ್‌ನ ‘ವರ್ಟಿಗೊ’ ಚಿತ್ರದ ಶೀರ್ಷಿಕೆಗಳನ್ನು ಸಾಲ್ ಬಾಸ್ ವಿನ್ಯಾಸಗೊಳಿಸಿದ. ಅಲ್ಲಿ ಕಣ್ಣಿನೊಳಗಿಂದ ಸುಳಿಸುಳಿಯಾಗಿ ಹೊರಬರುವ ಆಕೃತಿಗಳು ವಿಟ್ನಿಯವು. ಅವು ಲಿಸಾಜೂನ ವಕ್ರರೇಖೆಗಳೇ! 1960ರಲ್ಲಿ ವಿಟ್ನಿ ತೆರೆದ ಸಂಸ್ಥೆಯ ಹೆಸರು ‘ಮೋಷನ್ ಗ್ರಾಫಿಕ್ಸ್ ಇನ್‌ಕಾರ್ಪೊರೇಟೆಡ್’. ಮರುವರ್ಷ ಬಂದ ‘ಕ್ಯಾಟಲಾಗ್’ ಎಂಬ ಕಿರುಚಿತ್ರ ಆ ಯಂತ್ರದ ಕೈಚಳಕಗಳ ಸಂಗ್ರಹ. 1966ರಿಂದ ಐಬಿಎಂ ಕಂಪನಿಯ ನೆರವಿನಿಂದ ಆತ ಡಿಜಿಟಲ್ ಕಂಪ್ಯೂಟರಿಗೆ ಹೊರಳಿದ. ಆ ದುಡಿಮೆಯ ಫಲ ‘ಪರ್‌ಮ್ಯುಟೇಷನ್ಸ್’ ಎಂಬ ಚಿತ್ರ.

ಆತನ ಮುಖ್ಯ ಉಪಾಯವನ್ನು ನೀವೇ ಕಾಗದದ ಮೇಲೆ ಪರೀಕ್ಷಿಸಬಹುದು. ಒಂದೇ ಕೇಂದ್ರವಿರುವ 12 ವೃತ್ತಗಳನ್ನು ಎಳೆಯಿರಿ. ಒಂದೊಂದು ವೃತ್ತದ ಮೇಲೂ ಒಂದು ಚುಕ್ಕೆ. ಎಲ್ಲವೂ ಒಂದೇ ಸಾಲಿನಿಂದ ಹೊರಡಲಿ. ಮೊದಲನೆಯದು 1 ಸುತ್ತು ಹಾಕುವಷ್ಟರಲ್ಲಿ ಎರಡನೆಯದು 2, ಮೂರನೆಯದು 3, ಹೀಗೆ ಹನ್ನೆರಡನೆಯದು 12 ಸುತ್ತು ಮುಗಿಸಲಿ. ಮೊದಲನೆಯದು ಅರ್ಧ ಸುತ್ತು ಬಂದಾಗ ಸಮಸಂಖ್ಯೆಯ ಚುಕ್ಕೆಗಳು ಹೊರಟಲ್ಲಿಗೆ ಮರಳಿರುತ್ತವೆ, ಬೆಸಸಂಖ್ಯೆಯವು ಎದುರು ಬದಿಯಲ್ಲಿರುತ್ತವೆ. ಮೂರನೇ ಒಂದು ಸುತ್ತಿಗೆ ಮೂರು ಸಾಲು, ಕಾಲು ಸುತ್ತಿಗೆ ನಾಲ್ಕು! ನಡುನಡುವೆ ಚದುರಿ ಮತ್ತೆ ಕೂಡುವ ಈ ಆಟದಲ್ಲಿ ವಿಟ್ನಿ ಸಂಗೀತದ ಸ್ವರಮೇಳವನ್ನೇ ಕಂಡ.

ವಿನ್ಯಾಸ ಕಲಿಯಲು ಹೊರಟ ಹುಡುಗರು ‘ಸರ್, ನಮಗೇಕೆ ಫಿಸಿಕ್ಸ್?’ ಎಂದು ನನ್ನನ್ನು ಕೇಳುವುದುಂಟು. 1993ರಲ್ಲಿ ಬಂದ ‘ಆಫ್ಟರ್ ಎಫೆಕ್ಟ್ಸ್’ನಂಥ ತಂತ್ರಾಂಶಗಳಲ್ಲಿ ಹಲ್ಲುಚಕ್ರಗಳು ಕಣ್ಣಿಗೆ ಬೀಳುವುದಿಲ್ಲ, ನಿಜ. ಆದರೆ ಈ ಕ್ಷಣ ಎಲ್ಲಿದೆ, ಮರುಕ್ಷಣ ಎಲ್ಲಿರಬೇಕು ಎಂಬ ಲೆಕ್ಕ ಒಳಗೆ ಇದ್ದೇ ಇದೆ. ಅದೇ ಲೆಕ್ಕದಿಂದ ವಿಮಾನವನ್ನೂ ಉರುಳಿಸಬಹುದು, ಚುಕ್ಕೆಗಳನ್ನೂ ಕುಣಿಸಬಹುದು. ಎರಡನೆಯದನ್ನು ಆರಿಸಿಕೊಂಡದ್ದು ವಿಟ್ನಿಯ ದೊಡ್ಡತನ. ಇಂದು ಸಂಜೆ ಟಿ.ವಿ.ಯ ಮುಂದೆ ಕುಳಿತಾಗ ಆ ಅಕ್ಷರಗಳು ಹೇಗೆ ಸುತ್ತುತ್ತವೆ ಎಂದು ಒಮ್ಮೆ ಗಮನವಿಟ್ಟು ನೋಡಿ.