ಐಬೀರಿಯ: ಎರಡು ಸಾಮ್ರಾಜ್ಯಗಳ ನಡುವೆ ಬಾಳಿದ ರಾಜ್ಯ

ಐಬೀರಿಯ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ನೆನಪಾಗುವುದು ಸ್ಪೇನ್. ಆದರೆ ಇದೇ ಹೆಸರಿನ ಇನ್ನೊಂದು ಪ್ರಾಚೀನ ರಾಜ್ಯ ಕಾಕಸಸ್ ಪರ್ವತಗಳ ದಕ್ಷಿಣದಲ್ಲಿತ್ತು. ಗ್ರೀಕರು ಮತ್ತು ರೋಮನ್ನರು ಅದನ್ನು ಐಬೀರಿಯ ಎಂದರೆ, ಅಲ್ಲಿನ ಜನರು ಕಾರ್ತ್ಲಿ ಎನ್ನುತ್ತಿದ್ದರು. ಇಂದಿನ ಜಾರ್ಜಿಯಾ ದೇಶದ ಪೂರ್ವಭಾಗವೇ ಅದು.

ಜಾರ್ಜಿಯಾದ ಪರಂಪರೆಯ ಪ್ರಕಾರ ಕ್ರಿ.ಪೂ. 3ನೇ ಶತಮಾನದ ಆರಂಭದಲ್ಲಿ ಫರ್ನವಾಜ್ ಎಂಬವನು ಈ ರಾಜ್ಯವನ್ನು ಕಟ್ಟಿದನು. ಕುರಾ ಮತ್ತು ಅರಗ್ವಿ ನದಿಗಳು ಕೂಡುವ ಮ್‌ತ್ಸ್‌ಖೇತಾ ಅದರ ರಾಜಧಾನಿ. ಹೆಂಚು ಹೊದಿಸಿದ ಮನೆಗಳು ಮತ್ತು ಮಾರುಕಟ್ಟೆಗಳು ಐಬೀರಿಯದಲ್ಲಿದ್ದವೆಂದು ಗ್ರೀಕ್ ಭೂಗೋಳ ಪಂಡಿತ ಸ್ಟ್ರೇಬೊ ಬರೆದಿದ್ದಾನೆ. ಉತ್ತರದ ಅಲೆಮಾರಿ ಪಡೆಗಳು ದಕ್ಷಿಣಕ್ಕೆ ಇಳಿಯಲು ಬಳಸುತ್ತಿದ್ದ ಕಣಿವೆಯ ದಾರಿ ಐಬೀರಿಯದ ಅರಸರ ವಶದಲ್ಲಿತ್ತು. ಆದ್ದರಿಂದ ಪಶ್ಚಿಮದ ರೋಮ್ ಮತ್ತು ಪೂರ್ವದ ಪರ್ಷಿಯ ಎರಡಕ್ಕೂ ಈ ಪುಟ್ಟ ರಾಜ್ಯ ಬೇಕಾಗಿತ್ತು. ಅದರ ಏಳಿಗೆಗೂ ಪತನಕ್ಕೂ ಇದೇ ಕಾರಣವಾಯಿತು.

ಕ್ರಿ.ಪೂ. 65ರಲ್ಲಿ ರೋಮನ್ ಸೇನಾನಿ ಪಾಂಪೆ ಇಲ್ಲಿಗೆ ದಂಡೆತ್ತಿ ಬಂದನು. ಆದರೆ ಮುಂದೆ ರೋಮ್ ಐಬೀರಿಯವನ್ನು ನುಂಗಲಿಲ್ಲ, ಮಿತ್ರರಾಜ್ಯವಾಗಿ ಉಳಿಸಿಕೊಂಡಿತು. ಕ್ರಿ.ಶ. 75ರಲ್ಲಿ ಚಕ್ರವರ್ತಿ ವೆಸ್ಪೇಸಿಯನ್ ಇಲ್ಲಿನ ಅರಸನಿಗಾಗಿ ಕೋಟೆಗೋಡೆಯನ್ನು ಬಲಪಡಿಸಿಕೊಟ್ಟದ್ದನ್ನು ಒಂದು ಶಿಲಾಶಾಸನ ಇಂದಿಗೂ ಹೇಳುತ್ತದೆ. ಒಮ್ಮೆ ರೋಮ್, ಇನ್ನೊಮ್ಮೆ ಪರ್ಷಿಯ ಎಂದು ತೂಗಿಸಿಕೊಂಡು ಅರಸರು ಶತಮಾನಗಳ ಕಾಲ ಆಳಿದರು.

4ನೇ ಶತಮಾನದಲ್ಲಿ ರಾಜ ಮಿರಿಯಾನ್ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದನು. ಪರ್ಷಿಯದ ಸಸಾನಿ ದೊರೆಗಳು ಜರತುಷ್ಟ್ರನ ಅನುಯಾಯಿಗಳು. ಹೀಗೆ ರಾಜಕೀಯ ಪೈಪೋಟಿಗೆ ಧರ್ಮದ ಭೇದವೂ ಸೇರಿತು. 5ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದ ವಖ್ತಾಂಗ್ ಗೊರ್ಗಸಾಲಿ ಕೊನೆಯ ಪ್ರಬಲ ಅರಸ. ಟಿಬಿಲಿಸಿ ನಗರದ ಸ್ಥಾಪಕನೆಂದು ಜಾರ್ಜಿಯನ್ನರು ಅವನನ್ನು ಸ್ಮರಿಸುತ್ತಾರೆ. 482ರಲ್ಲಿ ಅವನು ಪರ್ಷಿಯದ ವಿರುದ್ಧ ಬಂಡೆದ್ದನು. ಆದರೆ ಅರಸನ ಅಧಿಕಾರ ಹೆಚ್ಚುವುದು ಅಲ್ಲಿನ ಅನೇಕ ಸಾಮಂತರಿಗೆ ಬೇಡವಾಗಿತ್ತು. ಅವರಿಗೆ ತಮ್ಮ ಜಹಗೀರು ಉಳಿದರೆ ಸಾಕಿತ್ತು. ಪರ್ಷಿಯ ಈ ಒಡಕನ್ನು ಚೆನ್ನಾಗಿ ಬಳಸಿಕೊಂಡಿತು. ಸುಮಾರು 580ರಲ್ಲಿ ಅರಸೊತ್ತಿಗೆಯೇ ರದ್ದಾಯಿತು. ಸಾಮಂತರ ಜಹಗೀರುಗಳು ಮಾತ್ರ ಉಳಿದವು. ಹೊರಗಿನ ವೈರಿಯಷ್ಟೇ ಒಳಗಿನ ಸ್ವಾರ್ಥವೂ ಈ ರಾಜ್ಯವನ್ನು ಕೆಡವಿತು.

ಮುಂದಿನ ಶತಮಾನದಲ್ಲಿ ಸಸಾನಿ ಸಾಮ್ರಾಜ್ಯವೂ ಅಳಿಯಿತು. ಹಝ್ರತ್ ಉಸ್ಮಾನ್ (ರ) ಅವರ ಖಿಲಾಫತ್ತಿನ ಕಾಲಕ್ಕೆ ಸೇರಿದ, ಸೇನಾನಿ ಹಬೀಬ್ ಬಿನ್ ಮಸ್ಲಮ ಟಿಬಿಲಿಸಿಯ ಜನರಿಗೆ ಬರೆದುಕೊಟ್ಟ ಅಭಯಪತ್ರವನ್ನು ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ಮನೆಯೊಂದಕ್ಕೆ ಒಂದು ದೀನಾರ್ ತೆರಿಗೆಯ ಷರತ್ತಿನ ಮೇಲೆ ಅವರ ಪ್ರಾಣಕ್ಕೂ ಚರ್ಚುಗಳಿಗೂ ಧರ್ಮಕ್ಕೂ ಅದರಲ್ಲಿ ರಕ್ಷಣೆಯ ಭರವಸೆಯಿತ್ತು. ಬಳಿಕ ಆ ನಗರ ತಿಫ್ಲಿಸ್ ಎಂಬ ಹೆಸರಿನಲ್ಲಿ 1122ರವರೆಗೆ ಮುಸ್ಲಿಂ ಅಮೀರರ ನೆಲೆಯಾಗಿತ್ತು.

ಅರಸರು ಹೋದರೂ ಆ ಜನಾಂಗ ಹೇಗೆ ಉಳಿಯಿತು? ಉತ್ತರ ಅವರ ಅಕ್ಷರಗಳಲ್ಲಿದೆ. 2ನೇ ಶತಮಾನದಲ್ಲಿ ರಾಜಧಾನಿಯ ಬಳಿ ಒಬ್ಬ ತರುಣಿಯ ಸಮಾಧಿಯ ಮೇಲೆ ಕೆತ್ತಿದ ಬರಹ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿದೆ. 5ನೇ ಶತಮಾನದ ಹೊತ್ತಿಗೆ ಜಾರ್ಜಿಯನ್ ಭಾಷೆ ತನ್ನದೇ ಲಿಪಿಯನ್ನು ಪಡೆದಿತ್ತು. ಸಿಂಹಾಸನ ಬರಿದಾದಾಗಲೂ ಆ ಲಿಪಿಯಲ್ಲಿ ಗ್ರಂಥಗಳ ರಚನೆ ನಿಲ್ಲಲಿಲ್ಲ. 1008ರಲ್ಲಿ ಮೂರನೇ ಬಗ್ರತ್ ಒಂದುಗೂಡಿಸಿದ ಜಾರ್ಜಿಯಾ ರಾಜ್ಯಕ್ಕೆ ಆ ಭಾಷೆಯೇ ಬೆಸುಗೆಯಾಯಿತು. 2016ರಲ್ಲಿ ಯುನೆಸ್ಕೋ ಜಾರ್ಜಿಯನ್ ಲಿಪಿ ಪರಂಪರೆಯನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೋಟೆಯನ್ನು ಕಟ್ಟಿಕೊಟ್ಟ ರೋಮ್ ಇಂದಿಲ್ಲ, ಕಿರೀಟವನ್ನು ಕಸಿದ ಸಸಾನಿಗಳೂ ಇಲ್ಲ. ಮಕ್ಕಳಿಗೆ ಓದು ಬರಹ ಕಲಿಸುವುದನ್ನು ಬಿಡದ ಜನ ಮಾತ್ರ ಉಳಿದಿದ್ದಾರೆ.