‘ಎಂಬ’ ಅನುಮಾನ, ‘ಎಂಬುದು’ ಅನುಮಾನ: ಸಗರನಾಡಿನ ಹಿನ್ನೆಲೆಯಲ್ಲಿ ಸಂಶಯವಾಚಕ ಪದಗಳ ಚರಿತ್ರೆ

ಸಾರಾಂಶ

ಸಂಶಯ, ಸಂದೇಹ, ಶಂಕೆ, ಅನುಮಾನ, ಗುಮಾನಿ ಎಂಬ ಪದಗಳನ್ನು ಕನ್ನಡದಲ್ಲಿ ಸಮಾನಾರ್ಥಕಗಳೆಂದು ಬಳಸುವುದು ರೂಢಿ. ಇವುಗಳ ನಿಷ್ಪತ್ತಿ, ವಲಸೆ ಮತ್ತು ವಾಕ್ಯಗತ ವರ್ತನೆ ಒಂದೇ ಬಗೆಯಾಗಿಲ್ಲ. ‘ಅನುಮಾನ’ವು ತರ್ಕಶಾಸ್ತ್ರದ ಪ್ರಮಾಣವಾಚಕದಿಂದ ಶಂಕಾವಾಚಕವಾಗಿ ಪಲ್ಲಟಗೊಂಡ ಬಗೆಯನ್ನೂ ಪರ್ಶಿಯನ್ ಮೂಲದ ‘ಗುಮಾನಿ’ಯು ಅದರ ನೆರೆಯಲ್ಲಿ ನೆಲೆಗೊಂಡ ಬಗೆಯನ್ನೂ ಈ ಲೇಖನ ಪರಿಶೀಲಿಸುತ್ತದೆ. ಸುರಪುರದ ದೊರೆ ವೆಂಕಟಪ್ಪ ನಾಯಕನ ಸಾವಿನ ಪ್ರಶ್ನೆಯನ್ನು ನಿದರ್ಶನವಾಗಿಟ್ಟುಕೊಂಡು, ಚರಿತ್ರೆಯ ಬರವಣಿಗೆಯಲ್ಲಿ ಈ ಪದಗಳ ನಡುವಣ ಭೇದ ಏಕೆ ಮುಖ್ಯವೆಂಬುದನ್ನು ಚರ್ಚಿಸುತ್ತದೆ.

ಪ್ರಮುಖ ಪದಗಳು: ಅರ್ಥಪಲ್ಲಟ, ಅನುಮಾನ, ಗುಮಾನಿ, ಅಧೀನ ವಾಕ್ಯ, ಸುರಪುರ

1. ಸಮಸ್ಯೆ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಸೀಮೆಯು ಮೊದಲು ಹೈದರಾಬಾದ್ ಸಂಸ್ಥಾನಕ್ಕೂ, 1956ರ ನವೆಂಬರ್ 1ರಿಂದ ಏಕೀಕೃತ ಮೈಸೂರು ರಾಜ್ಯಕ್ಕೂ ಸೇರಿದ್ದು, 2010ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾಯಿತು. ಸಗರನಾಡೆಂದು ಹೆಸರಾದ ಈ ಭಾಗದ ಚರಿತ್ರೆಯಲ್ಲಿ ಸುರಪುರದ ನಾಯಕ ಮನೆತನದ ಕೊನೆಯ ಅಧ್ಯಾಯ ಎಲ್ಲರಿಗೂ ತಿಳಿದಿರುವಂಥದು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೈನ್ಯದೊಡನೆ ಕಾದಾಟವಾಯಿತು. ವೆಂಕಟಪ್ಪ ನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಅವನಿಗೆ ವಿಧಿಸಿದ ಮರಣದಂಡನೆಯನ್ನು ಕ್ರಮೇಣ ಇಳಿಸಿ, ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವೆಂದು ಗೊತ್ತುಪಡಿಸಲಾಯಿತು. ಆ ಶಿಕ್ಷೆಗಾಗಿ ಕರೆದೊಯ್ಯುತ್ತಿದ್ದಾಗ ದಾರಿಯಲ್ಲಿ ಪಿಸ್ತೂಲಿನ ಗುಂಡಿನಿಂದ ಅವನ ಸಾವು ಸಂಭವಿಸಿತು. ಅದು ಅವನೇ ಹಾರಿಸಿಕೊಂಡ ಗುಂಡೆಂಬುದು ಬ್ರಿಟಿಷರ ಕಡೆಯ ವಿವರಣೆ. ಅದನ್ನು ಒಪ್ಪದವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ.

ಈ ಒಪ್ಪದಿರುವಿಕೆಯನ್ನು ಕನ್ನಡದಲ್ಲಿ ಹೇಳುವ ಎರಡು ವಾಕ್ಯಗಳನ್ನು ಗಮನಿಸಬಹುದು:

(ಅ) ಅದು ಆತ್ಮಹತ್ಯೆ ಎಂಬ ಅನುಮಾನವಿದೆ.
(ಆ) ಅದು ಆತ್ಮಹತ್ಯೆ ಎಂಬುದು ಅನುಮಾನ.

ಮೊದಲನೆಯ ವಾಕ್ಯದಲ್ಲಿ ಹೇಳುವವನ ಮನಸ್ಸು ಆತ್ಮಹತ್ಯೆಯ ಕಡೆಗೆ ವಾಲಿದೆ. ಎರಡನೆಯದರಲ್ಲಿ ಅದಕ್ಕೆ ವಿಮುಖವಾಗಿದೆ. ನಾಮಪದ ಒಂದೇ, ನಿಲುವುಗಳು ಮಾತ್ರ ಪರಸ್ಪರ ವಿರುದ್ಧ. ಒಂದೇ ಪದವು ಎರಡು ದಿಕ್ಕಿಗೂ ಮುಖ ಮಾಡಲು ಹೇಗೆ ಸಾಧ್ಯವಾಯಿತು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

2. ಸಂಸ್ಕೃತ ಮೂಲದ ಪದಗಳು

‘ಸಂಶಯ’ವು ‘ಶೀ’ (ಮಲಗು) ಧಾತುವಿನಿಂದ ಬಂದುದು. ಒಂದೇ ಮನಸ್ಸಿನಲ್ಲಿ ಎರಡು ಪಕ್ಷಗಳು ಒಟ್ಟಿಗೆ ಒರಗಿರುವ ಸ್ಥಿತಿ ಎಂಬ ಚಿತ್ರ ಅದರ ಹಿಂದಿದೆ. ‘ಸಂದೇಹ’ವು ‘ದಿಹ್’ (ಬಳಿ, ಲೇಪಿಸು) ಧಾತುವಿನದು; ಗೆರೆಗಳು ಕಲಸಿಹೋಗಿ ರೂಪ ಮಸುಕಾಗುವುದು ಅಲ್ಲಿನ ಚಿತ್ರ. ‘ಶಂಕೆ’ಯ ಧಾತುವಿನಲ್ಲಿ ಅಂಜಿಕೆಯ ಅಂಶವೂ ಸೇರಿದೆ. ಅಮರಕೋಶವು ವಿಚಿಕಿತ್ಸಾ, ಸಂಶಯ, ಸಂದೇಹ ಎಂಬವುಗಳ ಜೊತೆಗೆ ‘ದ್ವಾಪರ’ವನ್ನೂ ಪರ್ಯಾಯವಾಗಿ ಕೊಡುತ್ತದೆ. ಯುಗದ ಹೆಸರಾಗಿ ಮಾತ್ರ ನಾವು ಬಲ್ಲ ಈ ಪದದಲ್ಲಿ ಎರಡು ಎಂಬ ಸಂಖ್ಯೆ ಅಡಗಿದೆ. ಲ್ಯಾಟಿನ್ ಮೂಲದ ಇಂಗ್ಲಿಷಿನ ‘ಡೌಟ್’, ಜರ್ಮನಿನ ‘ತ್ಸ್ವೈಫೆಲ್’ ಪದಗಳಲ್ಲಿಯೂ ‘ಎರಡು’ ಎಂಬುದೇ ಬೇರು. ಕನ್ನಡದ ‘ಎರಡು ಮನಸ್ಸು’, ‘ಹಿಂದೆಮುಂದೆ ನೋಡು’ ಎಂಬ ನುಡಿಗಟ್ಟುಗಳು ಇದೇ ಕಲ್ಪನೆಯನ್ನು ದೇಶ್ಯ ಸಾಮಗ್ರಿಯಿಂದ ಕಟ್ಟಿಕೊಂಡಿವೆ.

ಸಂಶಯಕ್ಕೆ ಸಲ್ಲುವ ಮನ್ನಣೆ ಎಲ್ಲ ದರ್ಶನಗಳಲ್ಲೂ ಒಂದೇ ಅಲ್ಲ. ಜೈನರಲ್ಲಿ ಶಂಕೆಯು ಸಮ್ಯಗ್ದರ್ಶನದ ಅತಿಚಾರಗಳಲ್ಲಿ ಒಂದು. ಬೌದ್ಧರಲ್ಲಿ ವಿಚಿಕಿತ್ಸೆಯು ಐದು ನೀವರಣಗಳಲ್ಲಿ, ಅಂದರೆ ಸಾಧನೆಯ ಅಡ್ಡಿಗಳಲ್ಲಿ, ಸೇರಿದೆ. ನ್ಯಾಯದರ್ಶನದಲ್ಲಿ ಮಾತ್ರ ಸಂಶಯವು ಹದಿನಾರು ಪದಾರ್ಥಗಳಲ್ಲಿ ಮೂರನೆಯದಾಗಿ ಗೌರವದ ಸ್ಥಾನ ಪಡೆದಿದೆ. ಸಂಶಯವಿಲ್ಲದೆಡೆ ವಿಚಾರ ತೊಡಗುವುದೇ ಇಲ್ಲ. ಮಬ್ಬಿನಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬುದು ಅಲ್ಲಿಯ ಪ್ರಸಿದ್ಧ ದೃಷ್ಟಾಂತ. ಶಹಾಪುರದ ಬಳಿಯ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ತೋರುವುದುಂಟು. ಆದರೆ ಅದನ್ನು ನೋಡುವವನು ಬೆಟ್ಟವೋ ಬುದ್ಧನೋ ಎಂದು ಸಂಶಯಪಡುವುದಿಲ್ಲ; ಬೆಟ್ಟವೆಂದು ತಿಳಿದೇ ಹೋಲಿಸುತ್ತಾನೆ. ಎರಡು ಪಕ್ಷಗಳೂ ನಿಜವಾಗುವ ಸಾಧ್ಯತೆ ಉಳಿದಿರುವಷ್ಟು ಕಾಲ ಮಾತ್ರ ಸಂಶಯ. ಹೋಲಿಕೆಗೂ ಸಂಶಯಕ್ಕೂ ಇರುವ ಈ ಗೆರೆ ಮುಂದಿನ ಚರ್ಚೆಗೆ ಅಗತ್ಯ.

3. ಪ್ರಮಾಣದಿಂದ ಶಂಕೆಗೆ

‘ಅನುಮಾನ’ವು ಮೂಲತಃ ಸಂಶಯದ ಬಳಗಕ್ಕೆ ಸೇರಿದ ಪದವೇ ಅಲ್ಲ. ‘ಮಾ’ (ಅಳೆ) ಧಾತುವಿಗೆ ‘ಅನು’ ಸೇರಿ ಆದ ಈ ಪದ ನೈಯಾಯಿಕರ ನಾಲ್ಕು ಪ್ರಮಾಣಗಳಲ್ಲಿ ಎರಡನೆಯದು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಹೀಗೆ ಅದು ಸಂಶಯವನ್ನು ನೀಗಿಸುವ ಸಾಧನ. ಅದೇ ಪದ ಕನ್ನಡದಲ್ಲಿ ಸಂಶಯಕ್ಕೇ ಹೆಸರಾದದ್ದು ಅರ್ಥಚರಿತ್ರೆಯ ಕುತೂಹಲಕರ ಪ್ರಸಂಗ.

ನೆರೆಭಾಷೆಗಳತ್ತ ನೋಡಿದರೆ ಪಲ್ಲಟದ ಹಾದಿ ಕಾಣುತ್ತದೆ. ಹಿಂದಿಯಲ್ಲಿ ‘ಅನುಮಾನ್’ ಎಂದರೆ ಅಂದಾಜು. ಮರಾಠಿಯಲ್ಲಿ ತರ್ಕ, ಊಹೆ. ಮಲಯಾಳದಲ್ಲಿ ತಾರ್ಕಿಕ ನಿಗಮನದ ಅರ್ಥವೇ ಮುಂದಾಗಿದೆ. ಕನ್ನಡ ಮತ್ತು ತೆಲುಗುಗಳಲ್ಲಿ ಮಾತ್ರ ದಿನಬಳಕೆಯ ಮೊದಲ ಅರ್ಥ ಸಂಶಯ. ತೆಲಂಗಾಣಕ್ಕೆ ತಾಗಿಕೊಂಡಿರುವ, ಗುರುಮಠಕಲ್ಲಿನಂಥ ಊರುಗಳಲ್ಲಿ ಎರಡೂ ನುಡಿಗಳು ಬೆರೆತಿರುವ ಯಾದಗಿರಿ ಸೀಮೆಯಲ್ಲಿ ಈ ಸಾಮ್ಯ ಸಹಜವಾಗಿ ಕೇಳಿಸುತ್ತದೆ. ಈ ಪಲ್ಲಟ ಎರಡು ಭಾಷೆಗಳ ಒಡನಾಟದಲ್ಲಿ ಬೆಳೆದದ್ದೆಂದು ಭಾವಿಸುವುದು ಯುಕ್ತ.

ಹಾದಿಯನ್ನು ಹೀಗೆ ಪುನಾರಚಿಸಬಹುದು. ಕಣ್ಣಾರೆ ಕಂಡುದಲ್ಲ, ಕುರುಹಿನಿಂದ ತಿಳಿದುದು ಎಂಬುದು ಮೊದಲ ಅರ್ಥ. ಪ್ರತ್ಯಕ್ಷದ ಪಕ್ಕದಲ್ಲಿಟ್ಟಾಗ ಅದು ‘ಬರಿಯ ಊಹೆ’ಯಾಗುತ್ತದೆ. ಊಹೆಯೆಂದ ಮೇಲೆ ನಿಶ್ಚಯವಿಲ್ಲವೆಂಬ ಛಾಯೆ ಬರುತ್ತದೆ. ಆ ಛಾಯೆಯೇ ಬಲಿತು ಮುಖ್ಯಾರ್ಥವಾದಾಗ ‘ಮಳೆ ಬರುವುದು ಅನುಮಾನ’ ಎಂಬಂಥ ಪ್ರಯೋಗ ಸಾಧ್ಯವಾಗುತ್ತದೆ. ಊಹೆಯ ವಿಷಯ ಇನ್ನೊಬ್ಬರ ತಪ್ಪಾದಾಗ ‘ಅವನ ಮೇಲೆ ಅನುಮಾನ’ ಎಂಬ ಶಂಕಾರ್ಥ ಹುಟ್ಟುತ್ತದೆ.

ಹಳೆಯ ಅರ್ಥ ಅಳಿದಿಲ್ಲ. ವಿಭಕ್ತಿಯ ಆಸರೆಯಲ್ಲಿ ಉಳಿದಿದೆ. ‘ಇದರಿಂದ ಹೀಗೆಂದು ಅನುಮಾನಿಸಬಹುದು’ ಎಂದಾಗ ‘ಇಂದ’ ಪ್ರತ್ಯಯವು ಹೇತುವನ್ನು ಸೂಚಿಸಿ ತಾರ್ಕಿಕ ಅರ್ಥವನ್ನು ಕಾಪಾಡುತ್ತದೆ. ‘ಬಗ್ಗೆ’, ‘ಅಲ್ಲಿ’ ಬಂದರೆ ಅನಿಶ್ಚಯ. ‘ಮೇಲೆ’ ಬಂದರೆ ವ್ಯಕ್ತಿಯ ಮೇಲಣ ಶಂಕೆ. ಅಧೀನ ವಾಕ್ಯದಲ್ಲಿಯೂ ಇಂಥದೇ ವಿಭಜನೆ ಇದೆ. ‘ಎಂದು’, ‘ಎಂಬ’ ಮೂಲಕ ಬರುವ ವಾಕ್ಯವು ಊಹೆಯ ವಿಷಯವನ್ನು ಹೇಳುತ್ತದೆ. ಅಲ್ಲಿ ಅನುಮಾನವು ಆ ವಿಷಯದ ಪರ. ‘ಬರುವುದು’, ‘ಎಂಬುದು’ ಎಂಬ ಕೃದಂತ ನಾಮವು ಕರ್ತೃಸ್ಥಾನದಲ್ಲಿ ನಿಂತು ‘ಅನುಮಾನ’ವು ಅದರ ವಿಧೇಯವಾದಾಗ ಅದು ಆ ವಿಷಯದ ವಿರುದ್ಧ. ಮೇಲಿನ (ಅ) ಮತ್ತು (ಆ) ವಾಕ್ಯಗಳ ಭೇದಕ್ಕೆ ಇದೇ ಕಾರಣ: ಮೊದಲನೆಯದರಲ್ಲಿ ಊಹೆಯ ಹಳೆಯ ಪದರ, ಎರಡನೆಯದರಲ್ಲಿ ಅನಿಶ್ಚಯದ ಹೊಸ ಪದರ ಕೆಲಸ ಮಾಡುತ್ತಿವೆ. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳನ್ನು ‘ಸಸ್ಪೆಕ್ಟ್’, ‘ಡೌಟ್’ ಎಂಬ ಎರಡು ಕ್ರಿಯಾಪದಗಳು ಹಂಚಿಕೊಂಡಿವೆ. ಕನ್ನಡವು ಅವನ್ನು ಒಂದೇ ಪದಕ್ಕೆ ವಹಿಸಿ, ಭೇದದ ಹೊರೆಯನ್ನು ವಾಕ್ಯರಚನೆಗೆ ಬಿಟ್ಟಿದೆ.

4. ಗುಮಾನಿ

‘ಗುಮಾನಿ’ಯ ಮೂಲ ಪರ್ಶಿಯನ್ನಿನ ‘ಗುಮಾನ್’. ಅದರ ಪ್ರಾಚೀನ ರೂಪವು ‘ವಿ’ ಎಂಬ ಉಪಸರ್ಗಕ್ಕೆ ‘ಮನ್’ (ಯೋಚಿಸು) ಧಾತು ಸೇರಿದ್ದು. ಅವೆಸ್ತಾದಲ್ಲಿ ಸಂಶಯಾರ್ಥದ ಇಂಥ ಪದವೇ ಇದೆ. ಒಂಬತ್ತನೆಯ ಶತಮಾನದ ಪಹ್ಲವಿ ಗ್ರಂಥ ‘ಶ್ಕಂದ್ ಗುಮಾನಿಗ್ ವಿಜಾರ್’ನ ಹೆಸರಿನಲ್ಲಿಯೂ ಅದು ಸಂಶಯವನ್ನೇ ಸೂಚಿಸುತ್ತದೆ. ಹೀಗಾಗಿ ಅನುಮಾನ, ಗುಮಾನಿಗಳಲ್ಲಿ ಕಿವಿಗೆ ಬೀಳುವ ‘ಮಾನ’ ಒಂದೇ ಅಲ್ಲ. ಒಂದು ಅಳತೆಯ ‘ಮಾ’, ಇನ್ನೊಂದು ಮನಸ್ಸಿನ ‘ಮನ್’. ಇವೆರಡೂ ಕನ್ನಡದಲ್ಲಿ ಅಕ್ಕಪಕ್ಕ ಬಂದು ನಿಂತದ್ದು ಆಕಸ್ಮಿಕ. ಆದರೆ ಆ ಧ್ವನಿಸಾಮ್ಯವು ಎರಡನ್ನೂ ಪರ್ಯಾಯಗಳಾಗಿ ಕೇಳಿಸಲು ನೆರವಾಗಿರಬಹುದು.

ಮರಾಠಿಯಲ್ಲಿ ‘ಗುಮಾನ್’ ಗರ್ವದ ಅರ್ಥಕ್ಕೂ ಸರಿಯಿತು. ಕನ್ನಡದ ‘ಗುಮಾನಿ’ ಹಳೆಯ ಸಂಶಯಾರ್ಥವನ್ನು ಉಳಿಸಿಕೊಂಡು, ಅದನ್ನು ವ್ಯಕ್ತಿಯ ಮೇಲಣ ಶಂಕೆಗೆ ಸಂಕೋಚಿಸಿತು. ಗುಮಾನಿ ಯಾರ ‘ಮೇಲೆ’ಯೋ ಇರುತ್ತದೆ. ಸಂದೇಹವನ್ನು ಪರಿಹರಿಸಬಹುದು, ಗುರುವಿನ ಮುಂದೆ ಕೇಳಬಹುದು. ಗುಮಾನಿಯನ್ನು ಹಾಗೆ ಕೇಳಲು ಬಾರದು.

ಈ ಪದವನ್ನು ನಿಜಾಮರ ಆಡಳಿತದ ಕೊಡುಗೆಯೆಂದು ಬಗೆಯುವುದು ಸರಿಯಾಗದು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲು ಪರ್ಶಿಯನ್, 1880ರ ದಶಕದಿಂದ ಉರ್ದು ಆಡಳಿತ ಭಾಷೆಯಾಗಿದ್ದುದು ನಿಜ. ಈ ಸೀಮೆಯ ಕಚೇರಿ ಮಾತಿನಲ್ಲಿ ಅದರ ಗುರುತುಗಳು ಹೇರಳ. ಆದರೆ ‘ಗುಮಾನಿ’ ಹಳೆಯ ಮೈಸೂರಿನ ಮಾತಿನಲ್ಲಿಯೂ ಅಷ್ಟೇ ಬಳಕೆಯಲ್ಲಿದೆ. ಒಂದು ಪದದ ಹರವು ಒಂದು ರಾಜ್ಯದ ಗಡಿಗಿಂತ ದೊಡ್ಡದಾಗಿದ್ದರೆ ಅದರ ಬರವನ್ನು ಆ ರಾಜ್ಯಕ್ಕೆ ಕಟ್ಟಿಹಾಕಲಾಗದು. ಸುಲ್ತಾನರ ಕಾಲದಿಂದ ದಖನ್ನಿನ ಉದ್ದಗಲಕ್ಕೆ ಹಬ್ಬಿದ್ದ ಪರ್ಶಿಯನ್ ಆಡಳಿತ ಪರಿಭಾಷೆಯೇ ಅದಕ್ಕೆ ಹೆಚ್ಚು ಒಪ್ಪುವ ದಾರಿ.

5. ನಿದರ್ಶನ: ದೊರೆಯ ಸಾವು

ಈಗ ವೆಂಕಟಪ್ಪ ನಾಯಕನ ಪ್ರಶ್ನೆಗೆ ಮರಳಬಹುದು. ಅವನ ಬಾಲ್ಯದಲ್ಲಿ, 1841ರಿಂದ 1853ರವರೆಗೆ, ಸುರಪುರದ ಆಡಳಿತವನ್ನು ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. ಬಾಲದೊರೆ ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಅವನೇ ಬರೆದಿದ್ದಾನೆ. ದೊರೆಯ ಅಂತ್ಯದ ಕಥನ ನಮಗೆ ಮುಖ್ಯವಾಗಿ ದೊರಕುವುದು 1877ರಲ್ಲಿ, ಟೇಲರನ ಮರಣಾನಂತರ, ಪ್ರಕಟವಾದ ಅವನ ಆತ್ಮಕಥೆಯಲ್ಲಿ. ಆದರೆ ಸಾವಿನ ಸ್ಥಳದಲ್ಲಿ ಅವನಿರಲಿಲ್ಲ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಅವನ ಬರೆಹ ಪ್ರತ್ಯಕ್ಷವಲ್ಲ. ಇತರರ ಮಾತನ್ನು ನೆಚ್ಚಿದ ಶಬ್ದ. ಸುರಪುರದ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದುದೂ ಶಬ್ದವೇ. ಒಂದು ಅಚ್ಚಿನಲ್ಲಿದೆ, ಇನ್ನೊಂದು ಇಲ್ಲ ಎಂಬಷ್ಟರಿಂದ ಪ್ರಮಾಣದ ಜಾತಿ ಬದಲಾಗುವುದಿಲ್ಲ.

ಇಂಥಲ್ಲಿ ‘ಅನುಮಾನವಿದೆ’ ಎಂದು ಬರೆಯುವ ಚರಿತ್ರಕಾರನು ಮೂರು ಬೇರೆ ಕೆಲಸಗಳಲ್ಲಿ ಯಾವುದನ್ನು ಮಾಡುತ್ತಿದ್ದಾನೆಂಬುದು ಸ್ಪಷ್ಟವಾಗಬೇಕು. ಅಧಿಕೃತ ವಿವರಣೆ ಸಾಲದೆನ್ನುತ್ತಿದ್ದರೆ ಅದು ಸಂಶಯ. ಎರಡು ಪಕ್ಷಗಳನ್ನೂ ತೆರೆದಿಡುವ ಕರ್ತವ್ಯ ಅದಕ್ಕಿದೆ. ಬೆಂಗಾವಲಿನವರ ಮೇಲೆ ದೋಷವಿದೆಯೆನ್ನುತ್ತಿದ್ದರೆ ಅದು ಗುಮಾನಿ. ಅದು ಆರೋಪದ ಅಂಚಿನಲ್ಲಿದೆ. ಶಿಕ್ಷೆ ಇಳಿದ ಮೇಲೆ, ನಾಲ್ಕು ವರ್ಷಗಳ ಬಳಿಕ ಬಿಡುಗಡೆಯ ಭರವಸೆಯಿದ್ದವನು ಸಾವನ್ನು ಬಯಸುತ್ತಿದ್ದನೇ ಎಂದು ಹೇತು ಕೊಟ್ಟು ವಾದಿಸುತ್ತಿದ್ದರೆ ಅದು ಮೂಲಾರ್ಥದ ಅನುಮಾನ. ಸೆರೆಯನ್ನೇ ಅವಮಾನವೆಂದು ಬಗೆದ ದೊರೆಗೆ ಆ ಭರವಸೆ ಏನೂ ಅಲ್ಲದಿರಬಹುದೆಂಬ ಪ್ರತಿಹೇತುವನ್ನು ಅದು ಎದುರಿಸಲೇಬೇಕು. ಮೂರಕ್ಕೂ ಒಂದೇ ಪದ ಬಳಸಿದಾಗ ಹೇತುವಿಲ್ಲದ ಗುಮಾನಿ ತರ್ಕದ ಗೌರವ ಪಡೆಯುತ್ತದೆ. ತದ್ವಿರುದ್ಧವಾಗಿ, ಹೇತುಸಹಿತವಾದ ವಾದವನ್ನು ‘ಬರಿಯ ಅನುಮಾನ’ವೆಂದು ತಳ್ಳಿಹಾಕುವುದೂ ಸುಲಭವಾಗುತ್ತದೆ.

ಇದು ಗತಕಾಲಕ್ಕೆ ಸೀಮಿತವಾದ ತೊಡಕಲ್ಲ. ನ್ಯಾಯಾಲಯದಲ್ಲಿ ಸಾಂದರ್ಭಿಕ ಸಾಕ್ಷ್ಯದಿಂದ ಮಾಡುವ ತಾರ್ಕಿಕ ಅನುಮಾನ ಆರೋಪಿಯನ್ನು ಶಿಕ್ಷೆಗೆ ಗುರಿಪಡಿಸಬಲ್ಲದು. ಆರೋಪಿಯ ಮೇಲಣ ಅನುಮಾನ ಎಷ್ಟೇ ಬಲವಾಗಿದ್ದರೂ ರುಜುವಾತಿನ ಸ್ಥಾನ ಪಡೆಯಲಾರದು. ಆರೋಪದ ಬಗೆಗಿನ ಅನುಮಾನ ಅವನನ್ನು ಬಿಡುಗಡೆ ಮಾಡುತ್ತದೆ. ‘ಅನುಮಾನಾಸ್ಪದ ಸಾವು’, ‘ಅನುಮಾನದ ಲಾಭ’ ಎಂಬ ಎರಡು ಬಳಕೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಸಾಕು: ಮೊದಲನೆಯದು ಆರೋಪದತ್ತ, ಎರಡನೆಯದು ಬಿಡುಗಡೆಯತ್ತ ಒಯ್ಯುತ್ತದೆ. ಕನ್ನಡದಲ್ಲಿ ತೀರ್ಪು ಬರೆಯುವವರು ನಿಗಮನಕ್ಕೆ ‘ಊಹೆ’ ಎನ್ನದೆ ‘ತರ್ಕ’ವೆಂದೂ, ವ್ಯಕ್ತಿಯ ಮೇಲಣದಕ್ಕೆ ‘ಗುಮಾನಿ’ ಅಥವಾ ‘ಶಂಕೆ’ಯೆಂದೂ, ರುಜುವಾತಿನ ಕೊರತೆಗೆ ‘ಸಂಶಯ’ವೆಂದೂ ಬಳಸಿದರೆ ಭಾಷೆಯ ಸ್ವಂತ ಸಂಪತ್ತಿನಿಂದಲೇ ತೊಡಕು ತೀರುತ್ತದೆ.

6. ಉಪಸಂಹಾರ

ಇಂದಿನ ತರಗತಿಗಳಲ್ಲಿ ‘ಡೌಟು ಕೇಳು’ ಎಂಬ ಪ್ರಯೋಗ ಬೇರೂರಿದೆ. ಇಲ್ಲಿ ‘ಡೌಟು’ ಅಪನಂಬಿಕೆಯಲ್ಲ, ಪ್ರಶ್ನೆ. ಇಂಗ್ಲಿಷ್ ಪದಕ್ಕೆ ಈ ಅರ್ಥ ಒದಗಿದ್ದು ಗುರುವಿನ ಮುಂದೆ ಸಂದೇಹವನ್ನಿಟ್ಟು ಪರಿಹಾರ ಪಡೆಯುವ ನಮ್ಮ ಹಳೆಯ ಪಾಠಪದ್ಧತಿಯ ನುಡಿಗಟ್ಟಿನಿಂದ ಎಂದು ತೋರುತ್ತದೆ. ಹೊಸ ಪದ ಬಂದಾಗಲೂ ಸಂಶಯವನ್ನು ಅರಿವಿನ ಆರಂಭವೆಂದು ಕಂಡ ನೋಟ ಅದರೊಳಗೆ ನುಸುಳಿಕೊಂಡಿದೆ.

ಒಟ್ಟಿನಲ್ಲಿ, ಸಂಶಯವಾಚಕಗಳ ಬಾಹುಳ್ಯವು ಕನ್ನಡದಲ್ಲಿ ನಿರರ್ಥಕ ಪುನರುಕ್ತಿಯಲ್ಲ. ತರ್ಕಶಾಲೆ, ಬಸದಿ, ಕಚೇರಿ, ನ್ಯಾಯಾಲಯ, ತರಗತಿ ಇವುಗಳಿಂದ ಬಂದ ಪದಗಳು ತಮ್ಮ ತಮ್ಮ ವಿಭಕ್ತಿ ಮತ್ತು ಅಧೀನ ವಾಕ್ಯಗಳೊಡನೆ ಬೇರೆ ಬೇರೆ ಮನೋಸ್ಥಿತಿಗಳನ್ನು ಗುರುತಿಸುತ್ತವೆ. ನಿಘಂಟುಗಳು ಅವನ್ನು ಒಂದರ ಅರ್ಥವಾಗಿ ಇನ್ನೊಂದನ್ನು ಕೊಡುವ ಬದಲು ಅವು ಬೇಡುವ ಪ್ರತ್ಯಯ ಮತ್ತು ವಾಕ್ಯರೂಪಗಳ ಸಹಿತ ದಾಖಲಿಸುವುದು ಉಚಿತ. ಸುರಪುರದ ದೊರೆ ಹೇಗೆ ಸತ್ತನೆಂಬುದನ್ನು ವ್ಯಾಕರಣ ನಿರ್ಣಯಿಸಲಾರದು. ಆ ಸಾವಿನ ಬಗ್ಗೆ ಬರೆಯುವವನು ತಿಳಿದು ಹೇಳುತ್ತಿದ್ದಾನೋ, ತರ್ಕಿಸಿ ಹೇಳುತ್ತಿದ್ದಾನೋ, ದೂಷಿಸುತ್ತಿದ್ದಾನೋ ಎಂಬುದನ್ನು ಮಾತ್ರ ಅದು ತೋರಿಸಿಕೊಡಬಲ್ಲದು.